ಗಾಯಗೊಂಡ ಪ್ರಾಣಿಗಳ ದಯಾಮರಣ

ಗಾಯಗೊಂಡ ಪ್ರಾಣಿಗಳ ದಯಾಮರಣ ಎಂದರೆ ಚಿಕಿತ್ಸೆಯಿಂದ ಗುಣವಾಗದಷ್ಟು ಪೆಟ್ಟು ತಿಂದ ಪ್ರಾಣಿಯ ಯಾತನೆಯನ್ನು, ಸಾಧ್ಯವಾದಷ್ಟು ನೋವು ಮತ್ತು ಭಯವಿಲ್ಲದೆ ಅದರ ಪ್ರಾಣ ತೆಗೆದು ಕೊನೆಗೊಳಿಸುವ ಕ್ರಮ. ಪ್ರಾಣಿಗೆ ತಕ್ಷಣ ಪ್ರಜ್ಞೆ ತಪ್ಪಬೇಕು ಮತ್ತು ಪ್ರಜ್ಞೆ ಮರಳುವ ಮೊದಲೇ ಸಾವು ಸಂಭವಿಸಬೇಕು ಎಂಬುದು ಇದರ ಮೂಲತತ್ತ್ವ. ಭಾರತದಲ್ಲಿ ಈ ಕ್ರಮವು ಪಶುವೈದ್ಯರ ನಿರ್ಣಯ ಮತ್ತು ಕಾನೂನಿನ ಅನುಮತಿಗೆ ಒಳಪಟ್ಟಿದೆ.

ವಿಧಾನಗಳು

ಪಶುವೈದ್ಯರು ಸಾಮಾನ್ಯವಾಗಿ ಚುಚ್ಚುಮದ್ದನ್ನು ಬಳಸುತ್ತಾರೆ. ಬೀದಿನಾಯಿಗಳಿಗೆ ಅನ್ವಯಿಸುವ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ಗುಣವಾಗದ ರೋಗ ಅಥವಾ ಮಾರಣಾಂತಿಕ ಗಾಯವಿರುವ ನಾಯಿಗೆ ಅರ್ಹ ಪಶುವೈದ್ಯರು ಸೋಡಿಯಂ ಪೆಂಟೋಬಾರ್ಬಿಟಾಲ್ ಅನ್ನು ರಕ್ತನಾಳದ ಮೂಲಕ ನೀಡುವ ವಿಧಾನವನ್ನು ಸೂಚಿಸುತ್ತವೆ. ಇನ್ನೊಂದು ನಾಯಿಯ ಎದುರಿನಲ್ಲಿ ಇದನ್ನು ಮಾಡುವಂತಿಲ್ಲ. ಈ ಔಷಧಿ ಕಳೇಬರದಲ್ಲಿ ಉಳಿದು, ಅದನ್ನು ತಿನ್ನುವ ರಣಹದ್ದು ಮತ್ತು ನಾಯಿಗಳಿಗೆ ವಿಷವಾಗುವುದರಿಂದ ಕಳೇಬರವನ್ನು ಆಳವಾಗಿ ಹೂಳುವುದು ಅಥವಾ ಸುಡುವುದು ಅಗತ್ಯ.

ಸಣ್ಣ ಬೋರಿನ ಪಿಸ್ತೂಲು ಮತ್ತು ರಿವಾಲ್ವರ್

ಕೆಲವು ದೇಶಗಳಲ್ಲಿ ವೈದ್ಯರು ತಲುಪಲಾಗದ ತುರ್ತು ಸಂದರ್ಭದಲ್ಲಿ ಬಂದೂಕಿನ ಬಳಕೆಗೆ ಅವಕಾಶವಿದೆ. ಗುಂಡು ಮಿದುಳನ್ನು ನಾಶಪಡಿಸಿದರೆ ಮಾತ್ರ ಇದು ದಯಾಮರಣ ಎನಿಸುತ್ತದೆ. ಅಮೆರಿಕದ ಪಶುವೈದ್ಯಕೀಯ ಸಂಘದ ಮಾರ್ಗಸೂಚಿಯ ಪ್ರಕಾರ ಸುಮಾರು 180 ಕಿ.ಗ್ರಾಂವರೆಗಿನ ಪ್ರಾಣಿಗೆ ಗುಂಡಿನ ಶಕ್ತಿ ಕನಿಷ್ಠ 407 ಜೌಲ್ ಇರಬೇಕು. ಅದಕ್ಕಿಂತ ಹೆಚ್ಚು ತೂಕವಿದ್ದರೆ 1,356 ಜೌಲ್ ಬೇಕು. .22 ಬೋರಿನ ಗುಂಡಿನ ಶಕ್ತಿ ಇದಕ್ಕಿಂತ ಬಹಳ ಕಡಿಮೆ. ನಳಿಗೆ ಗಿಡ್ಡವಿರುವ ಪಿಸ್ತೂಲಿನಲ್ಲಿ ಗುಂಡಿನ ವೇಗ ಇನ್ನೂ ಕುಗ್ಗುತ್ತದೆ. ವಯಸ್ಸಾದ ಹೋರಿ, ಟಗರು ಮತ್ತು ಗಂಡುಹಂದಿಗಳ ತಲೆಬುರುಡೆ ದಪ್ಪವಿರುವುದರಿಂದ ಅವುಗಳ ಮೇಲೆ .22 ಬಳಸಲೇಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಗುರಿ ತಪ್ಪಿದರೆ ಯಾತನೆ ಹೆಚ್ಚುತ್ತದೆ. ಗುಂಡು ಸಿಡಿದು ಸುತ್ತಲಿನವರಿಗೂ ತಗಲಬಹುದು.

ಭಾರತದ ಕಾನೂನು

1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಬಂದೂಕು ಹೊಂದಲು ಪರವಾನಗಿ ಬೇಕು. ಪರವಾನಗಿ ಇದೆಯೆಂಬ ಕಾರಣಕ್ಕೆ ಪ್ರಾಣಿಯನ್ನು ಕೊಲ್ಲುವ ಅಧಿಕಾರ ಬರುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 13ನೇ ಪ್ರಕರಣವು ದಯಾಮರಣದ ಕ್ರಮವನ್ನು ವಿವರಿಸುತ್ತದೆ. ಹಿಂಸೆಯಾಗದಂತೆ ಸಾಗಿಸಲಾಗದಷ್ಟು ಗಾಯಗೊಂಡ ಪ್ರಾಣಿ ಕಂಡುಬಂದು, ಮಾಲೀಕರು ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ, ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಆ ಪ್ರದೇಶದ ಪಶುವೈದ್ಯಾಧಿಕಾರಿಯನ್ನು ಕರೆಸಬಹುದು. ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವೆಂದು ವೈದ್ಯಾಧಿಕಾರಿ ದೃಢೀಕರಿಸಿದ ಬಳಿಕ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಈ ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ.

ವನ್ಯಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 11ನೇ ಪ್ರಕರಣ ಅನ್ವಯಿಸುತ್ತದೆ. ಕೃಷ್ಣಮೃಗದಂತಹ ಮೊದಲ ಅನುಸೂಚಿಯ ಪ್ರಾಣಿ ಚೇತರಿಸಿಕೊಳ್ಳಲಾರದ ಸ್ಥಿತಿಯಲ್ಲಿದ್ದರೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು.

ಗ್ರಾಮೀಣ ಸಂದರ್ಭ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಡದಲ್ಲಿರುವ ತಿಂಥಣಿಯಂತಹ ಗ್ರಾಮಗಳಲ್ಲಿ ಎತ್ತು, ಎಮ್ಮೆ, ಕುರಿಗಳು ಕುಟುಂಬದ ಆದಾಯದ ಆಧಾರ. ರಸ್ತೆಯಲ್ಲಿ ವಾಹನ ಡಿಕ್ಕಿಯಾಗಿ ಬೆನ್ನೆಲುಬು ಮುರಿದ ಬೀಡಾಡಿ ಹಸುವಿನ ವಿಷಯದಲ್ಲಿ ಪೊಲೀಸ್, ವೈದ್ಯಾಧಿಕಾರಿ ಮತ್ತು ಮ್ಯಾಜಿಸ್ಟ್ರೇಟ್ ಮೂವರ ಪಾತ್ರವೂ ಇರುತ್ತದೆ. ಇವರು ಬೇರೆ ಬೇರೆ ಊರುಗಳಲ್ಲಿದ್ದರೆ ವಿಳಂಬವಾಗುತ್ತದೆ, ಆ ಅವಧಿಯುದ್ದಕ್ಕೂ ಪ್ರಾಣಿ ನರಳುತ್ತದೆ. ತಪ್ಪು ನಿರ್ಣಯದಿಂದ ಬದುಕಬಹುದಾದ ಪ್ರಾಣಿ ಸಾಯದಂತೆ ತಡೆಯುವ ನಿಯಮವೇ ಸಾಯುವ ಪ್ರಾಣಿಯ ನೋವನ್ನು ದೀರ್ಘಗೊಳಿಸುವುದು ಈ ವ್ಯವಸ್ಥೆಯ ಮುಖ್ಯ ತೊಡಕು.

ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ 1962. ವೈದ್ಯರು ಬರುವವರೆಗೆ ಪ್ರಾಣಿಯನ್ನು ಎಳೆದಾಡದಿರುವುದು, ನೆರಳು ಒದಗಿಸುವುದು ಮತ್ತು ಜನರನ್ನು ದೂರವಿಡುವುದು ಅದರ ಭಯ ಮತ್ತು ನೋವನ್ನು ತಗ್ಗಿಸುತ್ತವೆ. ನೋವು ನಿವಾರಕ ನೀಡಲು ವೈದ್ಯರು ಆದೇಶಕ್ಕಾಗಿ ಕಾಯಬೇಕಿಲ್ಲ.