ಕಾರ್ಡ್ ಬದಲಿಸುವ ಜಾಣ್ಮೆ

ಜೆ.ಪಿ. ನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಬನಶಂಕರಿ, ಜಯನಗರ, ಲಾಲ್‌ಬಾಗ್ ಕಳೆದು ಕೆ.ಆರ್. ಮಾರುಕಟ್ಟೆ ಬರುತ್ತದೆ. ಅಲ್ಲಿಂದ ಎಸ್.ಪಿ. ರೋಡ್ ನಡೆದು ಹೋಗುವಷ್ಟು ದೂರ. ಗೇಮಿಂಗ್ ಕಂಪ್ಯೂಟರ್ ಇಟ್ಟುಕೊಂಡ ದಕ್ಷಿಣ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತಿರುವ ದಾರಿ ಇದು. ಕೂಡಿಟ್ಟ ಹಣ ಜೇಬಿನಲ್ಲಿರುತ್ತದೆ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಎಂಬ ಪ್ರಶ್ನೆ ತಲೆಯಲ್ಲಿರುತ್ತದೆ.

ಪ್ರಶ್ನೆ ಕಾಣುವಷ್ಟು ಸುಲಭದ್ದಲ್ಲ. ಪೆಟ್ಟಿಗೆಯ ಮೇಲಿನ ಹೆಸರೊಂದನ್ನೇ ನಂಬುವಂತಿಲ್ಲ. 2016ರಲ್ಲಿ ಬಂದ ಜಿಟಿಎಕ್ಸ್ 1060 ಕಾರ್ಡು 3 ಜಿಬಿ ಮೆಮೊರಿಯಲ್ಲೂ 6 ಜಿಬಿಯಲ್ಲೂ ಸಿಗುತ್ತಿತ್ತು. ಎರಡರ ಹೆಸರೂ ಒಂದೇ, ಒಳಗಿನ ಚಿಪ್ಪಿನ ಶಕ್ತಿ ಮಾತ್ರ ಬೇರೆ. 2025ರ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ 8 ಜಿಬಿ, 16 ಜಿಬಿ ಎಂದು ಎರಡು ರೂಪದಲ್ಲಿ ಬಂತು. ಇಷ್ಟು ಗೊಂದಲದ ನಡುವೆಯೂ ಸಾಮಾನ್ಯ ಸಂಬಳದ ಮನೆಯೊಂದು ತನ್ನ ಕಂಪ್ಯೂಟರಿನ ಒಂದೇ ಒಂದು ಭಾಗ ಬದಲಿಸಿ, ಹಳೆಯದಕ್ಕೆ ಹೊಸ ಜೀವ ಕೊಡಬಲ್ಲದು. ಈ ಅನುಕೂಲ ತಾನಾಗಿ ಬಂದದ್ದಲ್ಲ. ಅದರ ಹಿಂದೆ ನಲವತ್ತು ವರ್ಷಗಳ ಕಥೆಯಿದೆ.

ಬಿಡಿಭಾಗಗಳಿಗೆ ಬಾಗಿಲು ತೆರೆದಾಗ

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರ ಒಳರಚನೆಯ ವಿವರಗಳು ಬಹಿರಂಗವಾಗಿದ್ದವು. ಹೀಗಾಗಿ ಬೇರೆ ಕಂಪನಿಗಳೂ ಅದಕ್ಕೆ ಹೊಂದುವ ಬೋರ್ಡು, ಡ್ರೈವು, ಕಾರ್ಡುಗಳನ್ನು ಮಾಡತೊಡಗಿದವು. ಯಾರೋ ಮಾಡಿದ ಕಾರ್ಡು ಇನ್ಯಾರೋ ಮಾಡಿದ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುತ್ತದೆ ಎಂಬ ಇಂದಿನ ಭರವಸೆಯ ಬೇರು ಅಲ್ಲಿದೆ.

ನಮ್ಮಲ್ಲಿ 1984ರ ನವೆಂಬರಿನಲ್ಲಿ ಬಂದ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೆಲಸಕ್ಕೆ ಇಲ್ಲಿ ನೆಲೆ ಮಾಡಿತು. 1991ರ ಆರ್ಥಿಕ ಉದಾರೀಕರಣ ಬಾಗಿಲನ್ನು ಇನ್ನಷ್ಟು ತೆರೆಯಿತು. 1996ರಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತವೂ ಸೇರಿತು. ಅದರಿಂದ ಕಂಪ್ಯೂಟರ್ ಬಿಡಿಭಾಗಗಳ ಮೇಲಿನ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು.

ಈ ಇಳಿಕೆಯ ಫಲ ಕಂಡದ್ದು ಟೌನ್‌ಹಾಲ್ ಬಳಿಯ ಪೇಟೆಯಲ್ಲಿ. ವೈರು, ಮೋಟಾರು, ಎಲೆಕ್ಟ್ರಾನಿಕ್ ಸಾಮಾನಿನ ವ್ಯಾಪಾರವಿದ್ದ ಎಸ್.ಪಿ. ರೋಡಿನ ಸುತ್ತ ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ಮಾರುವ ಅಂಗಡಿಗಳು ದಟ್ಟವಾದವು. ಕೊಟೇಶನ್ ಬರೆಸುವುದು, ಪಕ್ಕದ ಅಂಗಡಿಯಲ್ಲಿ ಅದನ್ನು ತೋರಿಸಿ ದರ ಇಳಿಸುವುದು, ಎದುರಲ್ಲೇ ನಿಂತು ಜೋಡಿಸಿಕೊಂಡು ಆಟೊದಲ್ಲಿ ಮನೆಗೆ ತರುವುದು ರೂಢಿಯಾಯಿತು. ಬ್ರ್ಯಾಂಡೆಡ್ ಪಿಸಿಗಿಂತ ಅಗ್ಗವಾದ ‘ಅಸೆಂಬಲ್ಡ್’ ಕಂಪ್ಯೂಟರ್ ಜಯನಗರ, ಬನಶಂಕರಿಯ ಎಷ್ಟೋ ಮನೆಗಳ ಮೊದಲ ಕಂಪ್ಯೂಟರ್ ಆದದ್ದು ಹೀಗೆ.

ಓದಿಗೆಂದು ಬಂದದ್ದು, ಆಟಕ್ಕೂ ಒದಗಿದ್ದು

ಆ ಮೊದಲ ಕಂಪ್ಯೂಟರಿಗೆ ಸಾಮಾನ್ಯವಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುತ್ತಿರಲಿಲ್ಲ. 1999ರಲ್ಲಿ ಬಂದ ಇಂಟೆಲ್ 810 ಚಿಪ್‌ಸೆಟ್ ಚಿತ್ರ ಮೂಡಿಸುವ ಕೆಲಸವನ್ನು ಮದರ್‌ಬೋರ್ಡಿಗೇ ವಹಿಸಿತ್ತು. ಮಕ್ಕಳ ಓದಿಗೆಂದು ಕೊಂಡವರಿಗೆ ಆ ‘ಆನ್‌ಬೋರ್ಡ್’ ಗ್ರಾಫಿಕ್ಸ್ ಧಾರಾಳ ಸಾಕಾಗಿತ್ತು. ಅದೇ ವರ್ಷ ಎನ್‌ವಿಡಿಯಾ ಜಿಫೋರ್ಸ್ 256 ಬಿಡುಗಡೆ ಮಾಡಿ, ಅದನ್ನು ‘ಜಿಪಿಯು’ ಎಂದು ಕರೆಯಿತು. ಮೂರು ಆಯಾಮದ ದೃಶ್ಯ ಕಟ್ಟುವಾಗ ಪ್ರೊಸೆಸರಿನ ಮೇಲೆ ಬೀಳುತ್ತಿದ್ದ ಲೆಕ್ಕದ ಹೊರೆಯನ್ನು ಈ ಕಾರ್ಡ್ ತಾನು ಹೊತ್ತುಕೊಂಡಿತು.

ಬಡಾವಣೆಗಳ ಸೈಬರ್ ಕೆಫೆಗಳು ಹೊಸ ಪೀಳಿಗೆಗೆ ಈ ವ್ಯತ್ಯಾಸವನ್ನು ಕಣ್ಣಾರೆ ತೋರಿಸಿದವು. ಕಾಲೇಜು ಬಿಟ್ಟ ಮೇಲೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದವರಿಗೆ, ಮನೆಯ ಕಂಪ್ಯೂಟರಿನಲ್ಲಿ ಅದೇ ಆಟ ಏಕೆ ತಡವರಿಸುತ್ತದೆ ಎಂಬ ಪ್ರಶ್ನೆ ಹುಟ್ಟಿತು. ಉತ್ತರ ಕ್ಯಾಬಿನೆಟ್ಟಿನೊಳಗಿನ ಖಾಲಿ ಸ್ಲಾಟಿನಲ್ಲಿತ್ತು. ಎಜಿಪಿ ಸ್ಲಾಟಿನ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲಂತೂ ಹಾದಿ ಸಲೀಸಾಯಿತು. 2003ರಲ್ಲಿ ಅಧಿಕೃತಗೊಂಡ ಈ ವ್ಯವಸ್ಥೆ ತಲೆಮಾರು ಬದಲಾದರೂ ಹೊಂದಾಣಿಕೆ ಬಿಟ್ಟಿಲ್ಲ. ಇಂದಿನ ಕಾರ್ಡು ಹಳೆಯ ಮದರ್‌ಬೋರ್ಡಿನಲ್ಲೂ ಬಹುಮಟ್ಟಿಗೆ ಕೆಲಸ ಮಾಡುತ್ತದೆ.

ಊರಿನಲ್ಲೇ ಚಿಪ್ಪು, ಊರಿನಲ್ಲೇ ಆಟ

ಕಾರ್ಡ್ ಕೊಳ್ಳುವವರಿಗೆ ಅದರ ಹುಟ್ಟಿನೊಂದಿಗೆ ತಮ್ಮ ಊರಿಗಿರುವ ನಂಟು ಹೆಚ್ಚಾಗಿ ತಿಳಿದಿರುವುದಿಲ್ಲ. ಗ್ರಾಫಿಕ್ಸ್ ಚಿಪ್ ಮಾಡುವ ಮೂರೂ ದೊಡ್ಡ ಕಂಪನಿಗಳಿಗೆ, ಅಂದರೆ ಎನ್‌ವಿಡಿಯಾ, ಎಎಂಡಿ ಮತ್ತು ಇಂಟೆಲ್‌ಗೆ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಎಎಂಡಿ 2023ರ ನವೆಂಬರಿನಲ್ಲಿ ಇಲ್ಲಿ ತೆರೆದ ಟೆಕ್ನೋಸ್ಟಾರ್ ಕ್ಯಾಂಪಸ್ ಆ ಕಂಪನಿಗೆ ಜಗತ್ತಿನಲ್ಲೇ ಅತಿ ದೊಡ್ಡ ವಿನ್ಯಾಸ ಕೇಂದ್ರ. 5 ಲಕ್ಷ ಚದರ ಅಡಿಯ ಆ ಜಾಗ ಸುಮಾರು 3,000 ಎಂಜಿನಿಯರುಗಳಿಗಾಗಿ ಕಟ್ಟಿದ್ದು. 2020ರಲ್ಲಿ ಇಂಟೆಲ್‌ನ ಗ್ರಾಫಿಕ್ಸ್ ವಿಭಾಗದ ಮುಖ್ಯಸ್ಥರಾಗಿದ್ದ ರಾಜಾ ಕೊಡೂರಿ, ಬೆಂಗಳೂರು ತಂಡ ಕೈಗೊಂಡಿದ್ದ ಚಿಪ್ಪು ಭಾರತದಲ್ಲಿ ವಿನ್ಯಾಸಗೊಂಡವುಗಳಲ್ಲೇ ಅತಿ ದೊಡ್ಡದಾಗಲಿದೆ ಎಂದು ಹೆಮ್ಮೆಯಿಂದ ಹಂಚಿಕೊಂಡಿದ್ದರು.

ಆಟಗಳ ಕಥೆಯೂ ಹಾಗೆಯೇ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಗೇಮ್ ಉದ್ಯಮದ ಮೊದಲಿಗರಲ್ಲೊಂದು. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್ ಗೇಮ್ಸ್ ತನ್ನ ಬೆಂಗಳೂರು ಸ್ಟುಡಿಯೊದೊಂದಿಗೆ ಸೇರಿಸಿಕೊಂಡಿತು. ಹೊಸ ‘ಜಿಟಿಎ’ ಆಡಲು ಹೊಸ ಕಾರ್ಡ್ ಬೇಕು ಎನ್ನುವ ಬಿಟಿಎಂ ಲೇಔಟಿನ ಹುಡುಗನಿಗೆ, ಆ ಆಟಗಳನ್ನು ಕಟ್ಟುವ ಇದೇ ಕಂಪನಿಯ ಕಚೇರಿಯೊಂದು ತನ್ನ ಊರಿನಲ್ಲೇ ಇದೆ ಎಂಬುದು ಗೊತ್ತಾಗಬೇಕು.

ಚಿಪ್ಪಿನ ತಯಾರಿಕೆ ಮಾತ್ರ ಇಲ್ಲಿ ನಡೆಯುವುದಿಲ್ಲ. ಈ ಕಾರ್ಡುಗಳ ಚಿಪ್ಪುಗಳು ಬಹುಪಾಲು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಗಳಿಂದ ಬರುತ್ತವೆ. 2023ರ ಜೂನಿನಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿಗೆ ಅಮೆರಿಕದಲ್ಲಿ ತೆರಿಗೆ ಬಿಟ್ಟು 299 ಡಾಲರ್ ಬೆಲೆಯಿತ್ತು. ಆಗಿನ ಡಾಲರ್ ದರದಲ್ಲಿ ಅದು ಸುಮಾರು 24,500 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 29,000ದ ಹತ್ತಿರ. ವಿದೇಶದ ಬೆಲೆ ನೋಡಿ ಅಂಗಡಿಗೆ ಹೋಗುವವರು ಈ ಲೆಕ್ಕ ಮೊದಲೇ ಹಾಕಿಕೊಂಡರೆ ಅಂಗಡಿಯವರೊಡನೆ ನ್ಯಾಯವಾಗಿ ಚೌಕಾಸಿ ಮಾಡಬಹುದು.

ಕಾರ್ಡ್ ಸಿಗದ ಕಾಲ

2020ರಿಂದ 2022ರವರೆಗೆ ಈ ಪೇಟೆ ಕಠಿಣ ದಿನಗಳನ್ನು ಕಂಡಿತು. ಕೋವಿಡ್‌ನಿಂದ ಸರಬರಾಜು ಏರುಪೇರಾಗಿತ್ತು. ಎಥೀರಿಯಂ ಎಂಬ ಕ್ರಿಪ್ಟೊ ಹಣ ಗಳಿಸಲು ‘ಮೈನಿಂಗ್’ ಮಾಡುವವರು ಕಾರ್ಡುಗಳನ್ನು ರಾಶಿಗಟ್ಟಲೆ ಖರೀದಿಸಿದರು. ಕಾರ್ಡಿನ ಬೆಲೆ ಗಗನಕ್ಕೇರಿ, ಆಡುವವರ ಕೈಗೆ ಎಟುಕದಾಯಿತು. 2021ರಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಬಿಡುಗಡೆ ಮಾಡುವಾಗ ಮೈನಿಂಗ್ ವೇಗಕ್ಕೆ ಮಿತಿ ಹಾಕಿದ್ದು ಇದೇ ಕಾರಣಕ್ಕೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿ ಬದಲಿಸಿತು. ಅದಕ್ಕೆ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಉಳಿಯಲಿಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಮೈನಿಂಗ್ ಕಾರ್ಡುಗಳು ಹರಿದು ಬಂದವು. ಅವೆಲ್ಲವೂ ಕೆಟ್ಟವಲ್ಲ. ಆದರೆ ಹಗಲಿರುಳು ಓಡಿದ ಕಾರ್ಡಿನ ಫ್ಯಾನು ಸವೆದಿರುತ್ತದೆ, ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯ ಕಾರ್ಡ್ ಕೊಳ್ಳುವವರು ಮೂಲ ಜಿಎಸ್‌ಟಿ ಬಿಲ್ ಕೇಳಬೇಕು. ವಾರಂಟಿ ಎಷ್ಟು ಉಳಿದಿದೆ, ಅದು ಹೆಸರು ಬದಲಾದರೂ ನಡೆಯುತ್ತದೆಯೇ ಎಂದು ವಿಚಾರಿಸಬೇಕು. ಭಾರವಾದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಬಿಸಿ ಎಷ್ಟು ಏರುತ್ತದೆ ಎಂದು ನೋಡಿದ ಮೇಲೆಯೇ ಹಣ ಕೊಡಬೇಕು.

ಮೊದಲು ಮಾನಿಟರ್ ನೋಡಿ

ಹೊಸದಿರಲಿ, ಹಳೆಯದಿರಲಿ, ಕಾರ್ಡಿನ ಆಯ್ಕೆ ಶುರುವಾಗಬೇಕಾದದ್ದು ಮನೆಯ ಮೇಜಿನ ಮೇಲಿರುವ ಮಾನಿಟರಿನಿಂದ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 1440ಪಿ ಪರದೆಯಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿಗೂ ಇಷ್ಟನ್ನೂ ಹೊಸದಾಗಿ ಬರೆಯುವುದು ಕಾರ್ಡಿನ ಕೆಲಸ. 60 ಹರ್ಟ್ಸ್ ಪರದೆಗೆ ಒಂದು ಫ್ರೇಮ್ ಬರೆಯಲು 16.7 ಮಿಲಿಸೆಕೆಂಡ್ ಸಿಗುತ್ತದೆ, 144 ಹರ್ಟ್ಸ್ ಪರದೆಗೆ 7 ಮಿಲಿಸೆಕೆಂಡ್‌ಗೂ ಕಡಿಮೆ. ಫುಲ್ ಎಚ್‌ಡಿ, 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು 4ಕೆ ದರ್ಜೆಯ ಕಾರ್ಡ್ ತಂದರೆ ಕೊಟ್ಟ ಹಣದ ಬಹುಪಾಲು ಕಣ್ಣಿಗೆ ಕಾಣುವುದೇ ಇಲ್ಲ.

ಎರಡನೆಯದು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ ಕೊಡಬಲ್ಲದ್ದು 75 ವಾಟ್. ಹೆಚ್ಚು ಬೇಕಾದರೆ 8 ಪಿನ್ನಿನ ಒಂದೊಂದು ಕನೆಕ್ಟರ್ 150 ವಾಟ್ ಸೇರಿಸುತ್ತದೆ. ಆರ್‌ಟಿಎಕ್ಸ್ 4060ಗೆ 115 ವಾಟ್ ಸಾಕು. 2025ರ ಆರ್‌ಎಕ್ಸ್ 9070 ಎಕ್ಸ್‌ಟಿ 304 ವಾಟ್ ಕೇಳುತ್ತದೆ. ಕ್ಯಾಬಿನೆಟ್ ಜೊತೆ ಬಂದ ಅಗ್ಗದ ಎಸ್‌ಎಂಪಿಎಸ್‌ಗೆ ಇಂಥ ಕಾರ್ಡ್ ಸಿಕ್ಕಿಸಿದರೆ ಕಾರ್ಡಿನ ಜೊತೆಗೆ ಇಡೀ ಕಂಪ್ಯೂಟರಿಗೇ ಅಪಾಯ. ಕರೆಂಟ್ ಹೋಗಿ ಬರುವ ಬಡಾವಣೆಗಳಲ್ಲಿ ಯುಪಿಎಸ್ ಲೆಕ್ಕವೂ ಮುಖ್ಯ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಹೊರಬಲ್ಲದು. ದೊಡ್ಡ ಕಾರ್ಡಿರುವ ಕಂಪ್ಯೂಟರ್ ಆಟದ ನಡುವೆ ಆ ಮಿತಿ ದಾಟುತ್ತದೆ.

ಪ್ರೊಸೆಸರನ್ನೂ ಮರೆಯಬಾರದು. ನಾಲ್ಕು ಕೋರಿನ ಹಳೆಯ ಪ್ರೊಸೆಸರಿಗೆ ಬಲವಾದ ಕಾರ್ಡ್ ಜೋಡಿಸುವುದು ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದಂತೆ; ಬಂಡಿ ಮುದಿ ಎತ್ತಿನ ವೇಗದಲ್ಲೇ ಸಾಗುತ್ತದೆ. ಮೂರು ಫ್ಯಾನಿನ ಕಾರ್ಡುಗಳಲ್ಲಿ ಹಲವು 30 ಸೆಂಟಿಮೀಟರ್‌ಗಿಂತ ಉದ್ದ, ಹಾಗಾಗಿ ಕ್ಯಾಬಿನೆಟ್ಟಿನ ಒಳಗೆ ಟೇಪ್ ಹಿಡಿದು ಅಳೆದೇ ಹೊರಡಬೇಕು. 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಕಂಡ ಊರಿದು. ಗಾಳಿಯಾಡದ ಕ್ಯಾಬಿನೆಟ್ಟಿನಲ್ಲಿ ಬೇಸಿಗೆಯ ಮಧ್ಯಾಹ್ನ ಯಾವ ಕಾರ್ಡೂ ತನ್ನ ಪೂರ್ತಿ ವೇಗ ತೋರಲಾರದು.

ಈ ಹೊತ್ತಿನ ಲೆಕ್ಕ

ಹಳೆಯ ಕಾರ್ಡಿನಲ್ಲೇ ಇನ್ನೊಂದು ವರ್ಷ ತಳ್ಳೋಣ ಎನ್ನುವವರಿಗೆ ಕಾಲ ಬಿಗಿಯಾಗುತ್ತಿದೆ. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಆಟ, ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಸೌಲಭ್ಯ ಕಾರ್ಡಿನಲ್ಲೇ ಇರಬೇಕು ಎನ್ನುತ್ತದೆ. ಜಿಟಿಎಕ್ಸ್ 1060ರಂಥ ಕಾರ್ಡುಗಳಿಗೆ 2025ರ ಅಕ್ಟೋಬರ್ ನಂತರ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ ಬರುವುದು ನಿಂತು, ಭದ್ರತೆಯ ಅಪ್‌ಡೇಟ್ ಮಾತ್ರ ಉಳಿದಿದೆ. ಹೊಸ ಆಟಗಳನ್ನು ಹೆಚ್ಚಿನ ಟೆಕ್ಸ್ಚರ್ ಗುಣಮಟ್ಟದಲ್ಲಿ ಆಡಿದರೆ 8 ಜಿಬಿ ಮೆಮೊರಿ ಸಾಲದೆ ಆಟ ತಡವರಿಸುವುದುಂಟು. ಕಾರ್ಡು ನಾಲ್ಕೈದು ವರ್ಷ ಬಾಳಬೇಕು ಎನ್ನುವವರು 12 ಅಥವಾ 16 ಜಿಬಿಯ ಕಾರ್ಡಿಗೆ ಸ್ವಲ್ಪ ಹೆಚ್ಚು ಹಣ ಎತ್ತಿಡುವುದು ಒಳ್ಳೆಯದು. ಆಡುವುದು ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥ ಹಗುರ ಆಟಗಳನ್ನೇ ಆದರೆ 8 ಜಿಬಿ ಕಾರ್ಡಿನಲ್ಲೇ ನೆಮ್ಮದಿಯಾಗಿರಬಹುದು.

ಇನ್ನೊಂದು ಒತ್ತಡ ಕೃತಕ ಬುದ್ಧಿಮತ್ತೆಯದು. ದೈತ್ಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳಿಗೆ ಮುಗಿಬಿದ್ದದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಆ ಡಿಸೆಂಬರಿನಲ್ಲಿ ಘೋಷಿಸಿತು. ಇಂಥ ದಿನಗಳಲ್ಲಿ ಇಡೀ ಕಂಪ್ಯೂಟರ್ ಬದಲಿಸುವುದು ಬಹಳ ದುಬಾರಿ. ಇರುವ ರ‍್ಯಾಮ್, ಬೋರ್ಡು, ಕ್ಯಾಬಿನೆಟ್ ಉಳಿಸಿಕೊಂಡು ಕಾರ್ಡ್ ಒಂದನ್ನೇ ಬದಲಿಸುವ ಅವಕಾಶಕ್ಕೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ.

ಆದ್ದರಿಂದ ಈ ಅವಕಾಶವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೂ ಇದೆ. ಮಗಳೋ ಮಗನೋ ಕಾರ್ಡ್ ಬೇಕೆಂದಾಗ ತಂದೆ ತಾಯಿ ಅದನ್ನು ಆಟದ ಹುಚ್ಚೆಂದು ತಳ್ಳಿಹಾಕುವ ಮುನ್ನ ಒಮ್ಮೆ ಜೊತೆಗೆ ಕೂರಲಿ. ಮಾನಿಟರ್ ಯಾವುದು, ಎಸ್‌ಎಂಪಿಎಸ್ ಎಷ್ಟು ವಾಟಿನದು, ಪ್ರೊಸೆಸರ್ ಎಷ್ಟು ಹಳೆಯದು, ಮುಂದಿನ ನಾಲ್ಕು ವರ್ಷ ಏನು ಆಡಬೇಕು, ಏನು ಓದಬೇಕು ಎಂದು ಒಂದು ಹಾಳೆಯಲ್ಲಿ ಬರೆಸಲಿ. ಅದೇ ಕಾರ್ಡಿನಲ್ಲಿ ಬ್ಲೆಂಡರ್ ಕಲಿಯಬಹುದು, ವಿಡಿಯೊ ಸಂಕಲನ ಮಾಡಬಹುದು, ಮಷಿನ್ ಲರ್ನಿಂಗಿನ ಸಣ್ಣ ಪ್ರಯೋಗಗಳನ್ನೂ ನಡೆಸಬಹುದು. ತನ್ನ ಅಗತ್ಯವನ್ನು ತಾನೇ ಅಳೆದು, ಹಾಳೆ ಹಿಡಿದು ಎಸ್.ಪಿ. ರೋಡಿನ ಮೂರು ಅಂಗಡಿಗಳಲ್ಲಿ ವಿಚಾರಿಸಿ, ಸರಿಯಾದ ಬಿಲ್ಲಿನೊಂದಿಗೆ ಮರಳುವ ಮಕ್ಕಳು ಯಂತ್ರದ ಒಳಗನ್ನೂ ಹಣದ ಬೆಲೆಯನ್ನೂ ಒಟ್ಟಿಗೆ ಕಲಿಯುತ್ತಾರೆ. ಎಷ್ಟು ದೊಡ್ಡ ಕಾರ್ಡ್ ಎಂಬುದಕ್ಕಿಂತ ಈ ಕಲಿಕೆ ದೊಡ್ಡದು.