ಮಹಾಮಸ್ತಕಾಭಿಷೇಕದ ಹಳೆಯ ಡಿವಿಡಿ: ಗುಣಮಟ್ಟ ಕೆಡದಂತೆ ಪ್ರತಿ ಮಾಡುವುದು ಹೇಗೆ?



ನಮ್ಮ ಸಮಾಜದ ಅನೇಕ ಮನೆಗಳ ಬೀರುವಿನಲ್ಲಿ 2006ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ, 2007ರ ಧರ್ಮಸ್ಥಳದ ಮಸ್ತಕಾಭಿಷೇಕ, ಊರ ಬಸದಿಯ ಪಂಚಕಲ್ಯಾಣ, ಮುನಿಮಹಾರಾಜರ ಪ್ರವಚನ ಮುಂತಾದವುಗಳ ಡಿವಿಡಿಗಳಿವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಡಿಸ್ಕ್‌ಗಳೂ ವರ್ಷ ಕಳೆದಂತೆ ಕೆಡುತ್ತವೆ. ಆದ್ದರಿಂದ ಪ್ರತಿ ಮಾಡಿಕೊಳ್ಳುವುದು ಅಗತ್ಯ. ಆದರೆ ತಪ್ಪು ರೀತಿಯಲ್ಲಿ ಮಾಡಿದರೆ ಇರುವುದೂ ಹಾಳಾಗುತ್ತದೆ.

ನಮ್ಮ ಮನೆಯಲ್ಲೇ ಹೀಗಾಯಿತು. 2006ರಲ್ಲಿ ತಂದೆಯವರು ಅಟ್ಟಣಿಗೆಯ ಮೇಲೆ ಕಲಶ ಹಿಡಿದು ನಿಂತ ದೃಶ್ಯ ಒಂದು ಡಿಸ್ಕ್‌ನಲ್ಲಿತ್ತು. 2018ರ ಅಭಿಷೇಕದ ನಂತರ ಹಳೆಯದು ಹೊಸದು ಎಲ್ಲವನ್ನೂ ಒಂದೇ ಡಿವಿಡಿಗೆ ಸೇರಿಸಿ ಕೊಡಿ ಎಂದು ಒಂದು ಸ್ಟುಡಿಯೋಗೆ ಕೊಟ್ಟೆ. ಬಂದದ್ದನ್ನು ನೋಡಿದರೆ ಹಾಲಿನ ಧಾರೆ ಚೌಕ ಚೌಕವಾಗಿ ಒಡೆದಿತ್ತು, ತಂದೆಯವರ ಮುಖ ಮಸುಕಾಗಿತ್ತು. ಮೂಲ ಡಿಸ್ಕನ್ನು ನಾನು ಅಸಡ್ಡೆಯಿಂದ ಇಟ್ಟಿದ್ದೆ. ಈಗ ಅದು ಅರ್ಧಕ್ಕೇ ನಿಲ್ಲುತ್ತದೆ. ತಂದೆಯವರೂ ಇಲ್ಲ.

ಹೀಗೇಕಾಗುತ್ತದೆ?

ಡಿವಿಡಿಯಲ್ಲಿ ಚಿತ್ರ ಎಂಪೆಗ್-2 ಎಂಬ ವಿಧಾನದಲ್ಲಿ ಒತ್ತಿ ಇಟ್ಟಿರುತ್ತದೆ. ಸೆಕೆಂಡಿಗೆ 25 ಚಿತ್ರಗಳು. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ತಿ ಚಿತ್ರ ಇರುತ್ತದೆ, ನಡುವೆ ಬದಲಾದ ಭಾಗ ಮಾತ್ರ. ಕುಳಿತು ಪ್ರವಚನ ನೀಡುವ ದೃಶ್ಯದಲ್ಲಿ ಬದಲಾವಣೆ ಕಡಿಮೆ. ಅಭಿಷೇಕದಲ್ಲಿ ಹಾಲು, ಅರಿಶಿನ, ಚಂದನದ ಧಾರೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದಕ್ಕೆ ಹೆಚ್ಚು ಜಾಗ ಬೇಕು. ಹಾಗಾಗಿ ಮತ್ತೆ ಒತ್ತಿದಾಗ ಮೊದಲು ಕೆಡುವುದು ಅದೇ.

ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಹಿಡಿಸುತ್ತದೆ. ಎರಡು ಗಂಟೆ ತುಂಬಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ. ನಾಲ್ಕು ಗಂಟೆ ತುರುಕಿದರೆ ಅದರ ಅರ್ಧ. "ಎಲ್ಲಾ ಒಂದೇ ಡಿಸ್ಕ್‌ನಲ್ಲಿ" ಎಂಬ ನಮ್ಮ ಆಸೆಯೇ ಗುಣಮಟ್ಟ ತಿನ್ನುತ್ತದೆ.

ತಾಳೆಗರಿಯ ಗ್ರಂಥವನ್ನು ಅಕ್ಷರ ಬಿಡದೆ ನಕಲು ಮಾಡುವುದು ಬೇರೆ, ಓದಿ ಸಾರಾಂಶ ಬರೆಯುವುದು ಬೇರೆ. ಕಾಪಿ ಮಾಡುವುದು ಮೊದಲನೆಯದು. ಮರು ಎನ್‌ಕೋಡಿಂಗ್ ಎರಡನೆಯದು. ಸಾರಾಂಶದಿಂದ ಮೂಲವನ್ನು ಮತ್ತೆ ಪಡೆಯಲಾಗದು.

ಸರಿಯಾದ ಕ್ರಮ

1. ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ತಂದು, ಡಿಸ್ಕ್‌ನಲ್ಲಿರುವ "ವಿಡಿಯೋ ಟಿಎಸ್" ಫೋಲ್ಡರನ್ನು ಇಡಿಯಾಗಿ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಇದೇ ನಿಮ್ಮ ಮೂಲ ಪ್ರತಿ.

2. ಟಿವಿಯಲ್ಲಿ ನೋಡಲು ಒಂದೇ ಫೈಲ್ ಬೇಕಿದ್ದರೆ ಮೇಕ್‌ಎಂಕೆವಿ ಬಳಸಿ. ಅದು ಪೆಟ್ಟಿಗೆಯನ್ನಷ್ಟೇ ಬದಲಿಸುತ್ತದೆ, ಒಳಗಿನ ಚಿತ್ರವನ್ನು ಮುಟ್ಟುವುದಿಲ್ಲ.

3. ಬೇಡದ ಭಾಗ ತೆಗೆಯಲು ಲಾಸ್‌ಲೆಸ್‌ಕಟ್ ಇದೆ. ಪೂರ್ತಿ ಚಿತ್ರ ಇರುವಲ್ಲಿ ಮಾತ್ರ ಕತ್ತರಿ ಸರಿಯಾಗಿ ಬೀಳುವುದರಿಂದ ಅರ್ಧ ಸೆಕೆಂಡು ಹಿಂದೆ ಮುಂದೆ ಆಗಬಹುದು. ಅಷ್ಟನ್ನು ಒಪ್ಪಿಕೊಳ್ಳಿ.

4. ಅದೇ ಡಿವಿಡಿಯ ಇನ್ನೊಂದು ಪ್ರತಿ ಬೇಕಿದ್ದರೆ ಇಮೇಜ್‌ಬರ್ನ್‌ನಲ್ಲಿ ಆ ಫೋಲ್ಡರನ್ನೇ ಬರ್ನ್ ಮಾಡಿ. ಹೊಸ ಮೆನು ಬೇಕಿದ್ದರೆ ಡಿವಿಡಿ ಸ್ಟೈಲರ್‌ನಲ್ಲಿ ವಿಡಿಯೋ, ಆಡಿಯೋ ಎರಡಕ್ಕೂ "ಕಾಪಿ" ಎಂದು ಆರಿಸಿ. ಒಂದರಲ್ಲಿ ಹಿಡಿಸದಿದ್ದರೆ ಎರಡು ಡಿಸ್ಕ್ ಮಾಡಿ.

5. ಮಿನಿಡಿವಿ ಟೇಪ್ ಇನ್ನೂ ಇದ್ದರೆ ಅದೇ ನಿಜವಾದ ಮೂಲ. ಫೈರ್‌ವೈರ್ ಕೇಬಲ್ ಮೂಲಕ ತೆಗೆಸಿ, ಗಂಟೆಗೆ ಸುಮಾರು 13 ಜಿಬಿ ಆಗುವ ಆ ಫೈಲನ್ನು ಹಾಗೆಯೇ ಇಡಿ. ಡಿವಿಡಿ ಮಾಡಲು ಒಮ್ಮೆ ಎನ್‌ಕೋಡ್ ಮಾಡಲೇಬೇಕು. ಆದರೆ ಒಮ್ಮೆ ಮಾತ್ರ, ಅದೂ ಈ ಮೂಲದಿಂದಲೇ.

ಅಂಗಡಿಗೆ ಕೊಟ್ಟರೆ ಪರೀಕ್ಷೆ ಸುಲಭ. ಪ್ರತಿಯ ಗಾತ್ರ ಮೂಲದಷ್ಟೇ ಇರಬೇಕು. 4 ಜಿಬಿ ಕೊಟ್ಟು 700 ಎಂಬಿ ಬಂದರೆ ಮತ್ತೆ ಒತ್ತಿದ್ದಾರೆ ಎಂದೇ ಅರ್ಥ.

2018ರಲ್ಲಿ ಮೊಬೈಲ್‌ನಲ್ಲಿ ತೆಗೆದ ಎಚ್‌ಡಿ ವಿಡಿಯೋಗಳನ್ನು ಡಿವಿಡಿಗೆ ಇಳಿಸಬೇಡಿ. ನಮ್ಮ ದೇಶದ ಡಿವಿಡಿಯ ಚಿತ್ರ 720×576 ಮಾತ್ರ. ಅವನ್ನು ಪೆನ್‌ಡ್ರೈವ್‌ನಲ್ಲಿ ಹಾಗೆಯೇ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ "ಡಾಕ್ಯುಮೆಂಟ್" ಆಗಿ ಕಳಿಸಿ. ವಿಡಿಯೋ ಎಂದು ಕಳಿಸಿದರೆ ಅದು ಒತ್ತಿಬಿಡುತ್ತದೆ.

ಕೊನೆಯದಾಗಿ, ಎರಡು ಹಾರ್ಡ್‌ಡಿಸ್ಕ್‌ನಲ್ಲಿ, ಎರಡು ಮನೆಗಳಲ್ಲಿ ಪ್ರತಿ ಇಡಿ. ಮೂಲ ಡಿಸ್ಕ್ ಎಸೆಯಬೇಡಿ. ಶ್ರುತಪಂಚಮಿಯಂದು ಗ್ರಂಥಗಳನ್ನು ತೆಗೆದು ಧೂಳು ಒರೆಸಿ ಪೂಜಿಸುತ್ತೇವಲ್ಲ, ಅಂದೇ ಈ ಡಿಸ್ಕ್‌ಗಳನ್ನೂ ಒಮ್ಮೆ ಹಾಕಿ ನೋಡಿ. ಇಲ್ಲಿ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹುಡುಗರು ಭಾನುವಾರ ಒಂದು ಗಂಟೆ ಕುಳಿತರೆ ನಾಲ್ಕು ಮನೆಯವರ ಡಿಸ್ಕ್ ಕಾಪಿ ಆಗುತ್ತದೆ. ನಿಮ್ಮ ಊರಿನ ಬಸದಿಯಲ್ಲೂ ಹಾಗೆ ಮಾಡಬಹುದು. ನಮಗಾದದ್ದು ನಿಮಗಾಗದಿರಲಿ.