ಕೊನೆಯವರ ವೇಗವೇ ತಂಡದ ವೇಗ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳ ನಡುವೆ ಮಕ್ಕಳೊಡನೆ ಸೈಕಲ್ ಸವಾರಿ ಹೊರಡುವ ಕುಟುಂಬಗಳು ಮೊದಲು ಒಂದು ನಿಯಮವನ್ನು ಒಪ್ಪಿಕೊಳ್ಳಬೇಕು: ಎಲ್ಲರಿಗಿಂತ ನಿಧಾನವಾಗಿ ತುಳಿಯುವವರೇ ತಂಡದ ವೇಗವನ್ನು ನಿರ್ಧರಿಸಲಿ, ಅನುಭವಿಯೊಬ್ಬರು ಸದಾ ಕೊನೆಯಲ್ಲಿರಲಿ.

ಇದು ಬರಿಯ ಸೌಜನ್ಯವಲ್ಲ. 2014ರ ಸುಮಾರಿಗೆ ಈ ಭಾಗದಿಂದ 22 ಆನೆಗಳನ್ನು ಸೆರೆಹಿಡಿದ ಮೇಲೂ ಕಾಡಾನೆಗಳ ಸಂಚಾರ ನಿಂತಿಲ್ಲ. ತಿರುವಿನಲ್ಲಿ ಒಂಟಿಯಾಗಿ ಉಳಿದ ಬಾಲಕನನ್ನು ಎಚ್ಚರಿಸುವವರಾರು? ಆದುದರಿಂದ ಊರವರನ್ನೂ ಅರಣ್ಯ ಸಿಬ್ಬಂದಿಯನ್ನೂ ವಿಚಾರಿಸಿ, ಬಿಸಿಲೇರಿದ ಮೇಲೆಯೇ ಹೊರಟು, ಸಂಜೆಗೆ ಮುನ್ನ ಮರಳಬೇಕು. ಲಾರಿಗಳು ತುಂಬಿದ ಬೆಂಗಳೂರು–ಮಂಗಳೂರು ಹೆದ್ದಾರಿಗಿಂತ ಹಳ್ಳಿಯ ದಾರಿಯೇ ಲೇಸು.

ಏರಿನಲ್ಲಿ ಇಳಿದು ತಳ್ಳುವುದು ಅವಮಾನವಲ್ಲ. ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಮೆಲ್ಲನೆ ಹಿಡಿಯಬೇಕು. ಹೇಮಾವತಿಯ ದಡವನ್ನು ಮೊದಲಿಗನು ಮಾತ್ರ ಮುಟ್ಟಿದರೆ ಅದು ಪಂದ್ಯ. ಕೊನೆಯವನೂ ಮುಟ್ಟಿದರೆ ಸಹಪಯಣ.